ಜಿಲ್ಲೆಗಿಂತ ಚಿಕ್ಕ ವಿದೇಶ

ಗುತ್ತಲು

ವಿದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿನ ರಸ್ತೆಗಳನ್ನು ಹೊಗಳುತ್ತಾರೆ. ನಾನೂ ಹೊಗಳಿಬಿಡುತ್ತೇನೆ: ಮಲೇಷ್ಯಾದ ಪೆನಾಂಗಿನ ರಸ್ತೆಗಳು ಬಹಳ ಚೆನ್ನಾಗಿವೆ. ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನನ್ನ ಮಗಳು ಪೂರ್ವಿ ಒಂದು ವಾರ ಮಂಡ್ಯ ಜಿಲ್ಲೆಯ ಬಾಸ್ಕೆಟ್‌ಬಾಲ್ ತಂಡದ ಜೊತೆ ಇರಬೇಕಾಗಿತ್ತು. ಅದೇ ವಾರ ನಾನು ಅವಳನ್ನು ಮಲೇಷ್ಯಾಕ್ಕೆ ಕರೆದುಕೊಂಡು ಹೋದೆ. ಬೇಡ ಅಂದವರಿದ್ದರು. ನಾನೇ ಕೇಳಲಿಲ್ಲ.

ನಾನು ಹಲಗೂರಿನ ಕಡೆ ದನದ ಡಾಕ್ಟರು ಅಂತ ಕರೆಸಿಕೊಳ್ಳುವ, ಆದರೆ ಡಾಕ್ಟರಲ್ಲದ ಇನ್‌ಸ್ಪೆಕ್ಟರು. ಹಸುವಿಗೆ ಸೂಜಿ ಹಾಕುತ್ತೇನೆ, ಕರು ಹಾಕಿಸುತ್ತೇನೆ, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತೇನೆ. ಹೆಂಡತಿ ಸವಿತಾ ಮದ್ದೂರಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಮನೆ ಮಂಡ್ಯದ ಗುತ್ತಲಿನಲ್ಲಿ. ಪೂರ್ವಿ ಐದನೇ ಕ್ಲಾಸಿನಿಂದ ಶಿವಣ್ಣ ಮೇಷ್ಟ್ರ ಹತ್ತಿರ ಆಡುತ್ತಿದ್ದಳು. ಮೇಷ್ಟ್ರು ಮಾತಿನಲ್ಲಿ ಒರಟು, ಬೆಳಿಗ್ಗೆ ಆರಕ್ಕೆ ಕೋರ್ಟಿನಲ್ಲಿರುವ ವಿಷಯದಲ್ಲಿ ಮಾತ್ರ ಗಡಿಯಾರ. ಆರು ತಿಂಗಳು ಅವಳ ಕೈಯಲ್ಲಿ ಎಡಗೈ ಆಟವನ್ನೇ ಆಡಿಸಿದ್ದರು. ಬಲಗೈ ಇರುವ ಹುಡುಗಿಗೆ ಎಡಗೈ ಯಾಕೆ ಅಂತ ನನಗೆ ಆಗಲೇ ಅವರ ಮೇಲೆ ಸ್ವಲ್ಪ ಸಿಟ್ಟಿತ್ತು.

ಆಗ ಬೆಂಗಳೂರಿನ ಒಂದು ಖಾಸಗಿ ಅಕಾಡೆಮಿಯಿಂದ ಫೋನ್ ಬಂತು. ಪೆನಾಂಗಿನಲ್ಲಿ ಹುಡುಗಿಯರ ಅಂತಾರಾಷ್ಟ್ರೀಯ ಪಂದ್ಯಾವಳಿ, ನಿಮ್ಮ ಮಗಳ ವಿಡಿಯೋ ನೋಡಿದೆವು, ಆಯ್ಕೆ ಮಾಡಿದ್ದೇವೆ ಅಂದರು. ನಾನು ಸರ್ಕಾರಿ ನೌಕರ. ನನ್ನ ತಲೆಯಲ್ಲಿ ಒಂದು ಏಣಿ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ, ಕೇಂದ್ರ. ನಮ್ಮ ಫೈಲುಗಳೆಲ್ಲ ಹೀಗೇ ಮೇಲೆ ಹೋಗುತ್ತವೆ. ವಿದೇಶ ಅನ್ನುವುದು ಕೇಂದ್ರಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೇ ಹಾಗೆ ಇಟ್ಟುಕೊಂಡಿದ್ದೆ.

ಮೇಷ್ಟ್ರಿಗೆ ತಿಳಿಸೋಣ ಅಂತ ಕೋರ್ಟಿಗೆ ಹೋದೆ. ಅನುಮತಿ ಕೇಳಲು ಹೋದದ್ದಲ್ಲ.

"ಸಾ, ಅದೇ ವಾರ ನಮ್ ಜಿಲ್ಲಾ ಟೀಮು ಸ್ಟೇಟ್ ಟೂರ್ನಮೆಂಟ್‌ಗೆ ಓಯ್ತದೆ" ಅಂದರು ಮೇಷ್ಟ್ರು. "ಅಲ್ ಆಡುದ್ರೇನೆ ಸೆಲೆಕ್ಟ್ ಮಾಡೋರ್ ಕಣ್ಣಿಗೆ ಬೀಳದು. ಅಲ್ಲಿಂದ ಸ್ಟೇಟ್ ಟೀಮು, ಆಮೇಲೆ ನ್ಯಾಸನಲ್ಸು. ಅದಿನಾರ್ ವರ್ಸದೊಳಗಿನ್ ಗುಂಪಲ್ಲಿ ಈ ಮೊಗೀಗೆ ಇದೇ ಕೊನೇ ಸಲ. ಮುಂದಿನ್ ವರ್ಸ ವಯಸ್ಸು ಮೀರೋಯ್ತದೆ."

"ಮೇಷ್ಟ್ರೇ, ನೀವ್ ಹೇಳ್ತಿರೋದು ರಾಜ್ಯಮಟ್ಟ. ಇದು ಅಂತಾರಾಷ್ಟ್ರೀಯ."

"ಅದು ಟೂರು ಕಣ್ ಸಾ. ಫೀಜ್ ಕಟ್ದೋರೆಲ್ಲಾ ಓಗ್ಬೌದು. ನಾನೂ ಓಗ್ಬೌದು, ನಿಮ್ ಆಸ್ಪತ್ರೆ ಅಸಾನೂ ಓಗ್ಬೌದು."

ಹಸುವಿನ ಮಾತು ನನಗೆ ನಾಟಿತು. ಪಕ್ಕದಲ್ಲಿ ಚೆಂಡು ಹಿಡಿದು ನಿಂತಿದ್ದ ಪೂರ್ವಿ, "ಅಪ್ಪಾ, ಫಾರಿನ್‌ಗೆ ಮುಂದಿನ್ ವರ್ಷ ಓಗಣ. ಈ ಸಲ ನಾನು ಟೀಮ್ ಜೊತೆ ಓಯ್ತೀನಿ. ಚೈತ್ರನೂ ನಾನೂ ವರ್ಷಪೂರ್ತಿ ಪ್ರಾಕ್ಟೀಸ್ ಮಾಡಿದ್ದೀವಿ" ಅಂದಳು. ಚೈತ್ರಾ ಅಂದರೆ ಮದ್ದೂರಿನಿಂದ ದಿನಾ ರೈಲಿನಲ್ಲಿ ಬಂದು ಆಡುವ ಅವಳ ಗೆಳತಿ.

"ದೊಡ್ಡದು ಬುಟ್ಟು ಚಿಕ್ಕದಕ್ಕೆ ಯಾರಾದ್ರೂ ಓಯ್ತಾರಾ? ಸುಮ್ನಿರು, ನಿಂಗೇನ್ ಗೊತ್ತಾಯ್ತದೆ" ಅಂದೆ.

ಅವಳು ಚೆಂಡು ಬಡಿಯುತ್ತ ಕೋರ್ಟಿನ ಆ ಕಡೆಗೆ ಹೋದಳು. ಸವಿತಾ ಮನೆಯಲ್ಲಿ, "ಅಷ್ಟ್ ವರ್ಷದಿಂದ ಹೇಳ್ಕೊಟ್ಟೋರ ಮಾತು ಒಂದ್ಸಲ ಕೇಳ್ರೀ" ಅಂದಳು. ಅವಳಿಗೂ ಅದೇ ಉತ್ತರ ಕೊಟ್ಟೆ. ಕಂಡವರ ಎತ್ತಿನ ವಯಸ್ಸನ್ನು ಕರಾರುವಾಕ್ಕಾಗಿ ಹೇಳುವ ನನಗೆ ನನ್ನ ಮಗಳ ವಯಸ್ಸು ಒಂದು ಗುಂಪಿನಿಂದ ದಾಟಿ ಹೋಗುತ್ತಿದೆ ಅನ್ನುವುದು ತಲೆಗೆ ಹೋಗಲಿಲ್ಲ.

ಹೊಳಲಿನಲ್ಲಿರುವ ನನ್ನ ಭಾಮೈದ ಮಹದೇವನಿಗೆ ವಿಷಯ ತಿಳಿದ ಎರಡನೇ ದಿನಕ್ಕೆ ಗುತ್ತಲಿನಲ್ಲಿ ಒಂದು, ಹೊಳಲಿನಲ್ಲಿ ಒಂದು, ಹಲಗೂರು ಬಸ್ ಸ್ಟಾಪಿನಲ್ಲಿ ಒಂದು ಫ್ಲೆಕ್ಸ್ ಎದ್ದವು. "ಭಾರತವನ್ನು ಪ್ರತಿನಿಧಿಸಲಿರುವ ನಮ್ಮ ಹೆಮ್ಮೆಯ ಕುವರಿ" ಅಂತ. ಶುಭ ಕೋರುವವರು ಹದಿನಾಲ್ಕು ಜನ ಕೈ ಮುಗಿದು ನಿಂತಿದ್ದರು, ಕುವರಿ ಒಂದು ಮೂಲೆಯಲ್ಲಿದ್ದಳು. ಭಾರತ ಅಂತ ಯಾಕೆ ಹಾಕಿಸಿದೆ ಅಂತ ಕೇಳಿದ್ದಕ್ಕೆ ಮಹದೇವ, "ಇನ್ನೇನ್ ಪಾಕಿಸ್ತಾನ್ದಿಂದ ಓಯ್ತಾವ್ಳಾ ಬಾವ?" ಅಂದ. ಹಲಗೂರಿನಲ್ಲಿ ಹಸು ಹಿಡಿದುಕೊಂಡು ಬಂದವರೆಲ್ಲ ನನ್ನ ಕೈ ಕುಲುಕಿದರು. ನಾನು ತಿದ್ದಲಿಲ್ಲ. ತಿದ್ದಬೇಕು ಅಂತ ಅನ್ನಿಸಲೂ ಇಲ್ಲ.

ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುಂಚೆ ಮೊದಲ ಬಾರಿಗೆ ತಂಡವನ್ನು ನೋಡಿದೆ. ಹತ್ತು ಹುಡುಗಿಯರು, ಹತ್ತು ಕಡೆಯವರು. ಅಲ್ಲೇ ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುತ್ತಿದ್ದರು. ಒಬ್ಬಳು ಆಟ ಶುರು ಮಾಡಿ ನಾಲ್ಕು ತಿಂಗಳಾಯಿತು ಅಂದಳು. ಪೂರ್ವಿ ನನ್ನ ಮುಖ ನೋಡಿದಳು. ನಾನು ಹಾರುವ ವಿಮಾನಗಳನ್ನು ನೋಡಿದೆ.

ಪೆನಾಂಗಿನಲ್ಲಿ ಇಳಿದಾಗ ಸುಂಕದವರು ನನ್ನ ಬ್ಯಾಗು ಬಿಚ್ಚಿಸಿ ಪುಡಿಯ ಚೀಲವೊಂದನ್ನು ಮೇಲೆತ್ತಿದರು. ರಾಗಿಹಿಟ್ಟು. ಮಗಳು ಆಟಕ್ಕೆ ಮುಂಚೆ ಅಂಬಲಿ ಕುಡಿಯಲಿ ಅಂತ ಸವಿತಾ ಕಟ್ಟಿ ಕೊಟ್ಟಿದ್ದಳು. ಇದು ಏನು, ಯಾಕೆ ಬೂದಿಯ ಬಣ್ಣ ಅಂತ ವಿಚಾರಣೆ ಶುರುವಾಯಿತು. ನನ್ನ ಇಂಗ್ಲಿಷು ಹಸುವಿನ ಔಷಧಿ ಚೀಟಿ ಓದುವಷ್ಟು. ಕೊನೆಗೆ ಒಬ್ಬ ತಮಿಳು ಅಧಿಕಾರಿ ಬಂದು ಚಿಟಿಕೆ ಹಿಟ್ಟನ್ನು ಮೂಸಿ, ತಮಿಳಿನಲ್ಲಿ ರಾಗಿಗೆ ಹೇಳುವ ಹಾಗೆ "ಕೇವುರು!" ಅಂತ ನಕ್ಕು ಯಾವ ಊರು ಅಂತ ಕೇಳಿದ. ಮಂಡ್ಯ ಅಂದರೆ ಗೊತ್ತಾಗಲಿಲ್ಲ. ಕಾವೇರಿ ಹತ್ತಿರ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನೀರಿನ ಗಲಾಟೆಯಲ್ಲಿ ಹೆದ್ದಾರಿಯ ಮೇಲೆ ಕೂತು ಗಂಟಲು ಹರಿಯುವಂತೆ ಕೂಗಿದವನು ನಾನು. ಆತ ಮಾತ್ರ, "ನಮ್ಮ ತಾತ ತಂಜಾವೂರಿಂದ ಬಂದವರು. ನಾನು ಕಾವೇರಿ ನೋಡೇ ಇಲ್ಲ. ನೀರಿದೆಯಾ?" ಅಂದ.

"ಈ ವರ್ಷ ಇದೆ" ಅಂದೆ. ಹಿಟ್ಟಿನ ಚೀಲ ಕಟ್ಟಿ ಕೈಗೆ ಕೊಟ್ಟ.

ಮೊದಲ ದಿನ

ಆಟ ನಡೆಯುವುದು ದೊಡ್ಡ ಕ್ರೀಡಾಂಗಣದಲ್ಲಿ ಅಂದುಕೊಂಡಿದ್ದೆ. ಅದೊಂದು ಶಾಲೆಯ ಕೋರ್ಟು, ಮೇಲೆ ತಗಡಿನ ಚಾವಣಿ. ಚೀನಾ ಮೂಲದವರ ಬೀದಿ. ಪಕ್ಕದಲ್ಲಿ ಮುದುಕರು ಚಡ್ಡಿ ಹಾಕಿಕೊಂಡು ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಅಪ್ಪ ಅಮ್ಮಂದಿರೇ ಎಲ್ಲಾ ಕೆಲಸ ಮಾಡುತ್ತಿದ್ದರು. ಒಬ್ಬರು ಸಮಯ ನೋಡಿಕೊಂಡರೆ ಒಬ್ಬರು ಅಂಕ ಬರೆಯುತ್ತಿದ್ದರು. ಇಸ್ತ್ರಿ ಮಾಡಿದ ಶರಟಿನ ಒಬ್ಬ ಅಪ್ಪ ಬೆವರು ಬಿದ್ದಲ್ಲೆಲ್ಲ ಓಡಿಹೋಗಿ ಒರೆಸುತ್ತಿದ್ದ. ನಮ್ಮಲ್ಲಿ ಅಪ್ಪಂದಿರ ಕೆಲಸ ಗೆರೆಯ ಹೊರಗೆ ನಿಂತು ಮೇಷ್ಟ್ರಿಗಿಂತ ಜೋರಾಗಿ ಕೂಗುವುದು. ಇಲ್ಲಿ ಯಾರೂ ಕೂಗುತ್ತಿರಲಿಲ್ಲ.

ಎದುರಿನ ತಂಡ ಬಂತು. ನಾನು ದೈತ್ಯರನ್ನು ನಿರೀಕ್ಷಿಸಿದ್ದೆ. ಬಂದವರು ಪೂರ್ವಿಯ ಭುಜಕ್ಕೆ ಬರುವ ಮಕ್ಕಳು. ಒಬ್ಬಳಿಗೆ ಮುಂದಿನ ಹಲ್ಲೇ ಇನ್ನೂ ನೆಟ್ಟಗೆ ಬಂದಿರಲಿಲ್ಲ. ಪಟ್ಟಿಯಲ್ಲಿ ತಪ್ಪಾಗಿದೆ ಅಂದುಕೊಂಡು ಅಂಕ ಬರೆಯುತ್ತಿದ್ದ ಹೆಂಗಸಿನ ಮುಂದೆ ನಿಂತು, ನಮ್ಮ ಹುಡುಗಿಗೆ ಹದಿನೈದು ಅಂತ ಬೆರಳು ಮಡಚಿ ತೋರಿಸಿದೆ. ಆಕೆ ತಾಳ್ಮೆಯಿಂದ ಹಾಳೆ ತಿರುಗಿಸಿ ತೋರಿಸಿದಳು. ಇಲ್ಲಿ ಗುಂಪು ವಯಸ್ಸಿನದಲ್ಲ, ಆಟದ ಮಟ್ಟದ್ದು. ನಾಲ್ಕು ಮಟ್ಟಗಳಿದ್ದವು. ನಮ್ಮ ಅಕಾಡೆಮಿಯವರು ನಮ್ಮ ತಂಡವನ್ನು ನಾಲ್ಕನೆಯದಕ್ಕೆ, ಅಂದರೆ ಕಲಿಯುವವರ ಗುಂಪಿಗೆ ಬರೆಸಿದ್ದರು.

ಆಗಲೂ ನನಗೆ ನಾಚಿಕೆಯಾಗಲಿಲ್ಲ. ಪೂರ್ವಿ ಒಂದಾದ ಮೇಲೊಂದು ಬುಟ್ಟಿಗೆ ಹಾಕಿದಾಗ ವಿಡಿಯೋ ತೆಗೆದು ಹಲಗೂರಿನ ಗ್ರೂಪಿಗೆ ಕಳಿಸಿದೆ. "ಸೂಪರ್ ಸಾ", "ಇಂಡಿಯಾ ಇಂಡಿಯಾ" ಅಂತ ಬಂದವು. ಅರ್ಧ ಆಟ ಮುಗಿದ ಮೇಲೆ ಅವಳು ಹಾಕುವುದನ್ನೇ ನಿಲ್ಲಿಸಿದಳು. ಚೆಂಡು ಕೈಗೆ ಬಂದ ಕೂಡಲೇ ನಾಲ್ಕು ತಿಂಗಳ ಆಟಗಾರ್ತಿಗೆ ಕೊಟ್ಟುಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಒಡಿಯಮ್ಮಾ! ಯಾಕ್ ಕೊಟ್ಟೀಯೆ, ಒಡಿ!" ಅಂತ ಕೂಗಿದೆ.

ತಗಡಿನ ಕೆಳಗೆ ಆ ಕೂಗು ಬಹಳ ದೊಡ್ಡದಾಗಿ ಕೇಳಿಸಿತು. ರೆಫರಿ ಆಟ ನಿಲ್ಲಿಸಿದ. ಅಂಕ ಬರೆಯುತ್ತಿದ್ದ ಹೆಂಗಸು ಎದ್ದು ಬಂದು, ಬಹಳ ಮರ್ಯಾದೆಯಿಂದ, ದಯವಿಟ್ಟು ಹೊರಗೆ ಅಂತ ಗೇಟು ತೋರಿಸಿದಳು. ಹೊರಗೆ ಹೋಗಿ ಬೇಲಿಯ ಸಂದಿಯಿಂದ ನೋಡಿದೆ. ಆಟ ಮುಗಿದ ಮೇಲೆ ಸೋತ ಪುಟ್ಟ ಮಕ್ಕಳು ಸಾಲಾಗಿ ಬಂದು ನಮ್ಮ ತಂಡಕ್ಕೆ ತಲೆಬಾಗಿ ನಮಸ್ಕಾರ ಮಾಡಿದರು. ಪೂರ್ವಿ ಅವರಿಗಿಂತ ಕೆಳಗೆ ಬಾಗಿದಳು.

"ಎಷ್ಟ್ ಚೆನ್ನಾಗ್ ಆಡ್ದೆ ಮಗಳೇ" ಅಂದೆ ಹೊರಗೆ ಬಂದಾಗ.

"ಅವು ಮಕ್ಳು ಕಣಪ್ಪಾ" ಅಂದಳು. ಅಷ್ಟೇ.

ಕಾಫಿ ಅಂಗಡಿ

ಮಾರನೇ ದಿನ ಬೆಳಿಗ್ಗೆ ಕೋರ್ಟಿನ ಎದುರಿನ ಕಾಫಿ ಅಂಗಡಿಯಲ್ಲಿ ಒಂದೇ ಮೇಜು ಖಾಲಿ ಇತ್ತು. ಮೇಲೆ ಒಂದು ಟಿಶ್ಯೂ ಪೊಟ್ಟಣ. ಗಿರಾಕಿಗಳಿಗೆ ಇಟ್ಟಿದ್ದಾರೆ ಅಂತ ಒಂದು ಎಳೆದು ಮುಖ ಒರೆಸಿಕೊಂಡು ಕೂತೆ. ಎರಡು ಕಪ್ಪು ಹಿಡಿದು ಬಂದ ಹೆಂಗಸು ನನ್ನನ್ನು ನೋಡಿ ನಿಂತಳು. ನಿನ್ನೆ ನನ್ನನ್ನು ಹೊರಗೆ ಕಳಿಸಿದ ಅದೇ ಹೆಂಗಸು. ಪೊಟ್ಟಣ ಆಕೆಯದು, ಮೇಜು ಹಿಡಿದುಕೊಳ್ಳಲು ಇಟ್ಟು ಹೋಗಿದ್ದಳು. ಮಳವಳ್ಳಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ನಮ್ಮ ಜನ ನೆನಪಾಗಿ ನಗು ಬಂತು. ನಾನು ಈಗ ಬೇರೆಯವರ ಟವೆಲಿನಿಂದ ಮುಖ ಒರೆಸಿಕೊಂಡಿದ್ದೆ. ಎದ್ದು ನಿಂತರೆ ಆಕೆಯೇ ಕೂರಿಸಿದಳು.

ಹೆಸರು ಮೇ ಲಿಂಗ್. ಬ್ಯಾಂಕಿನಲ್ಲಿ ಕೆಲಸ, ಮಗಳು ಎರಡನೇ ಮಟ್ಟದ ತಂಡದಲ್ಲಿ ಆಡುತ್ತಾಳೆ. ಇಬ್ಬರದೂ ಹರಕು ಇಂಗ್ಲಿಷಾದ್ದರಿಂದ ಮಾತು ಸಲೀಸಾಗಿ ನಡೆಯಿತು. ಅಲ್ಲಿನ ಕಾಫಿಗೆ ಹಾಲಿನ ಬದಲು ಡಬ್ಬಿಯ ಸಿಹಿ ಹಾಲು ಹಾಕುತ್ತಾರೆ. ಔಷಧಿಯ ಹಾಗೆ ಕುಡಿದೆ. ನಿಮ್ಮ ಮಗಳು ಈ ತಂಡದ ಮಟ್ಟದವಳಲ್ಲ, ಇಲ್ಲಿಗೆ ಯಾಕೆ ಕರೆದುಕೊಂಡು ಬಂದಿರಿ ಅಂತ ಆಕೆ ನೇರವಾಗಿ ಕೇಳಿದಳು.

"ಇದು ಅಂತಾರಾಷ್ಟ್ರೀಯ ಅಲ್ಲವಾ?" ಅಂದೆ.

"ಹೌದು, ಬೇರೆ ದೇಶದವರೂ ರಜಕ್ಕೆ ಬರುತ್ತಾರೆ" ಅಂದಳು. "ಆಡುತ್ತಾರೆ, ತಿನ್ನುತ್ತಾರೆ, ಸಮುದ್ರ ನೋಡುತ್ತಾರೆ. ನನ್ನ ಮಗಳಿಗೂ ಇಷ್ಟ. ನಮ್ಮ ರಾಜ್ಯದ ತಂಡದ ಹುಡುಗಿಯರು ಒಬ್ಬರೂ ಇಲ್ಲಿಲ್ಲ, ನೋಡಿದಿರಾ? ಅವರಿಗೆ ಈ ವಾರ ತರಬೇತಿ ಶಿಬಿರ. ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ."

ಆಮೇಲೆ ಬಿಲ್ಲಿನ ಹಿಂದೆ ಬರೆದು ತೋರಿಸಿದಳು. ಶಾಲೆ, ಜಿಲ್ಲೆ, ರಾಜ್ಯ, ದೇಶ. ಶಿವಣ್ಣ ಮೇಷ್ಟ್ರು ಕೋರ್ಟಿನಲ್ಲಿ ನಿಂತು ಹೇಳಿದ್ದೂ ಇದನ್ನೇ. ಈ ಪಂದ್ಯಾವಳಿ ಎಲ್ಲಿ ಬರುತ್ತದೆ ಅಂತ ಕೇಳಿದೆ. ಆಕೆ ಏಣಿಯ ಪಕ್ಕದಲ್ಲಿ, ದೂರಕ್ಕೆ, ಒಂದು ಸೊನ್ನೆ ಸುತ್ತಿದಳು. ತಮಾಷೆಗೆ ಸುತ್ತಿದ್ದಲ್ಲ, ಬೇರೆ ಗುರುತು ತೋಚದೆ ಸುತ್ತಿದ್ದು. ಎಷ್ಟು ದೂರ ಹೋಗಿ ಆಡುತ್ತೀವಿ ಅನ್ನುವುದರಿಂದ ಮಟ್ಟ ಬರುವುದಿಲ್ಲ, ಯಾರ ಎದುರಿಗೆ, ಯಾರ ಜೊತೆ ಆಡುತ್ತೀವಿ ಅನ್ನುವುದರಿಂದ ಬರುತ್ತದೆ ಅಂದಳು. ಸಾವಿರಾರು ಮೈಲಿಯಾದರೂ ಅಷ್ಟೇ, ಪಕ್ಕದ ಬೀದಿಯಾದರೂ ಅಷ್ಟೇ.

"ನಿಮ್ಮ ಮಗಳಿಗೆ ಏನು ಬೇಕಾಗಿತ್ತು?" ಅಂತ ಕೇಳಿದಳು.

ನನಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದರೆ ವಾಸಿಯಾಗಿತ್ತು. ಅವಳು ಬಾಯಿಬಿಟ್ಟು ಹೇಳಿದ್ದಳು, ನಾನು ಸುಮ್ಮನಿರು ಅಂದಿದ್ದೆ. ನನಗೆ ಆ ಕ್ಷಣದಲ್ಲಿ ಎದ್ದು ಮಂಡ್ಯಕ್ಕೆ ನಡೆದುಕೊಂಡೇ ಹೋಗೋಣ ಅನ್ನಿಸಿತು.

ಅವತ್ತು ಮಧ್ಯಾಹ್ನ ನಮ್ಮ ತಂಡವನ್ನು ಒಂದು ಮಟ್ಟ ಮೇಲಕ್ಕೆ ಹಾಕಿದರು. ಹೀನಾಯವಾಗಿ ಸೋತೆವು. ಪೂರ್ವಿ ಚೆನ್ನಾಗಿಯೇ ಆಡಿದಳು, ಆದರೆ ಅವಳು ಚೆಂಡು ಎಸೆದ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ. ಮೂರು ಸಲ ಎಡಗೈಯಿಂದ ಮೂಲೆಗೆ ಎಸೆದಳು, ಮೂರು ಸಲವೂ ಚೆಂಡು ಖಾಲಿ ಜಾಗ ದಾಟಿ ಮುದುಕರ ಕಾಫಿ ಮೇಜಿಗೆ ಹೋಗಿ ಬಡಿಯಿತು. ಯಾರಿಗೆ ಎಸೀತಿದ್ದೆ ಅಂತ ಆಮೇಲೆ ಕೇಳಿದೆ.

"ಅಭ್ಯಾಸ ಅಪ್ಪಾ. ಅಲ್ಲಿ ಚೈತ್ರ ಇರ್ತಾಳೆ."

ಮೂರನೇ ದಿನ

ಬೆಳಿಗ್ಗೆ ಹತ್ತರ ಹೊತ್ತಿಗೆ ತಿಂಡಿಗೆ ಕೆಳಗೆ ಬಂದರೆ ಪೂರ್ವಿ ಹೋಟೆಲಿನ ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನು ನೋಡುತ್ತಿದ್ದಳು. ರಾಜ್ಯದ ಪಂದ್ಯಾವಳಿಯಲ್ಲಿ ಮಂಡ್ಯದ ಆಟವನ್ನು ಯಾರೋ ಫೋನಿನಲ್ಲಿ ಹಿಡಿದು ನೇರವಾಗಿ ತೋರಿಸುತ್ತಿದ್ದರು. ಚಿತ್ರ ಕುಲುಕುತ್ತಿತ್ತು, ಹಿನ್ನೆಲೆಯಲ್ಲಿ ನಮ್ಮವರ ಕೂಗು. ಮೂರು ದಿನದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

"ಓಡೇ ಚೈತ್ರ! ಅಂಗೇ ಕಣೇ! ಮೂಲೇಗೋಗು!" ಅಂತ ಫೋನಿಗೆ ಹೇಳುತ್ತಿದ್ದಳು. ಚೈತ್ರಾ ಮೂಲೆಗೆ ಓಡಿ ಕೈ ಚಾಚಿ ನಿಂತಳು. ಚೆಂಡು ಬರಲಿಲ್ಲ. ಪೂರ್ವಿಯ ಜಾಗದಲ್ಲಿ ಆಡುತ್ತಿದ್ದ ಹುಡುಗಿ ಬಲಗೈಯವಳು, ಆ ಕಡೆ ತಿರುಗಲು ಒಂದು ಕ್ಷಣ ತಡವಾಗಿತ್ತು. ಆರು ತಿಂಗಳ ಎಡಗೈ ಯಾಕೆ ಅಂತ ನನಗೆ ಅಲ್ಲಿ, ಪೆನಾಂಗಿನ ಸೋಫಾದ ಹಿಂದೆ ನಿಂತುಕೊಂಡು, ಅರ್ಥವಾಯಿತು.

ಮಂಡ್ಯ ಮೂರು ಅಂಕದಿಂದ ಸೋತಿತು. ಫೋನು ಇನ್ನೂ ಓಡುತ್ತಿತ್ತು. ಶಿವಣ್ಣ ಮೇಷ್ಟ್ರು ಅಳುತ್ತಿದ್ದ ಹುಡುಗಿಯರ ತಲೆ ಸವರುತ್ತಿದ್ದರು. ಅವರು ತಲೆ ಸವರುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಪೂರ್ವಿ, ನಂದು ತಪ್ಪಾಯ್ತು ಕಣಮ್ಮ" ಅಂದೆ.

ಅವಳು ಫೋನು ಆರಿಸಿದಳು. "ಬುಡಪ್ಪಾ. ತಿಂಡಿ ತಿಂದ್ಯಾ?" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಿಂಡಿಯ ಮೇಜಿಗೆ ಕರೆದುಕೊಂಡು ಹೋಗಿ ಒಂದು ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು, ತಾನು ತಿನ್ನಲಿಲ್ಲ.

ಕೊನೆಯಲ್ಲಿ ಎಲ್ಲರಿಗೂ ಪದಕ ಕೊಟ್ಟರು. ನಿಜವಾಗಿಯೂ ಎಲ್ಲರಿಗೂ, ಸೋತವರಿಗೂ ಗೆದ್ದವರಿಗೂ ಒಂದೇ ಪದಕ. ಅಪ್ಪ ಅಮ್ಮಂದಿರನ್ನೂ ಕರೆದು ಫೋಟೋ ತೆಗೆದರು. ಮೇ ಲಿಂಗ್ ದೂರದಿಂದ ಕೈ ಬೀಸಿದಳು. ವಿಮಾನ ಹತ್ತಿ ಕೂತಾಗ ಪೂರ್ವಿಗೆ ಮೆಸೇಜು ಬಂತು. ಸೋತ ತಂಡದಲ್ಲಿದ್ದರೂ ಚೈತ್ರಾ ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆಯಾಗಿದ್ದಳು. ಪೂರ್ವಿ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಖುಷಿಗೆ ಅತ್ತಳೋ ಬೇರೆಯದಕ್ಕೋ ನಾನು ಕೇಳಲಿಲ್ಲ. ಎರಡೂ ಇದ್ದಿರಬೇಕು.

ಹಲಗೂರು

ಬಂದ ವಾರ ಮಹದೇವ ಹಲಗೂರಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲಾ ತಂದಾಗಿತ್ತು. ಬೇಡ ಅಂದೆ. ಜನ ಸೇರಿಯಾಗಿದೆ, ಈಗ ಬೇಡ ಅಂದರೆ ಹೇಗೆ ಅಂದ. ಪೂರ್ವಿ ಬರುವುದಿಲ್ಲ ಅಂದಳು, ನಾನು ಒತ್ತಾಯಿಸಲಿಲ್ಲ. ನಾನೊಬ್ಬನೇ ಹೋದೆ. ಮೈಕು ಕೊಟ್ಟರು.

"ನನ್ ಮಗಳು ಭಾರತ ತಂಡದಲ್ಲಿ ಆಡಿಲ್ಲ" ಅಂದೆ. "ಅದು ಯಾರು ಬೇಕಾದ್ರೂ ಓಗೋ ಆಟ. ಅವಳು ಜಿಲ್ಲಾ ತಂಡದಲ್ಲಿ ಆಡ್ಬೇಕಿತ್ತು. ನಾನು ತಪ್ಪಿಸ್ದೆ."

ಮುಂದಿನ ಸಾಲಿನಲ್ಲಿದ್ದ, ನನ್ನ ಕೈಯಲ್ಲಿ ಎಷ್ಟೋ ಸಲ ಹಸುವಿಗೆ ಔಷಧಿ ಹಾಕಿಸಿದ್ದ ಒಬ್ಬ ಯಜಮಾನರು ಎದ್ದು, "ಓಗ್ಲಿ ಬುಡಿ ಸಾ, ಇಮಾನದಾಗಾದ್ರೂ ಓಗ್ಬುಟ್ಟು ಬಂದ್ಲಲ್ಲ ಮೊಗ" ಅಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನನಗೆ ಬಲವಂತವಾಗಿ ಪೇಟ ತೊಡಿಸಿ ಕಳಿಸಿದರು. ಮಹದೇವ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಶಿವಣ್ಣ ಮೇಷ್ಟ್ರ ಹತ್ತಿರಕ್ಕೂ ಹೋದೆ. ನಾನು ಬಾಯಿ ತೆರೆಯುವ ಮುಂಚೆಯೇ, "ಮೊಗೀನ್ ಕಳ್ಸಿ ಸಾ. ಇನ್ ಅದಿನೆಂಟರ ಗುಂಪು. ದೊಡ್ ದೊಡ್ ಉಡ್ಗೀರ್ ಜೊತೆ ಆಡ್ಬೇಕು, ಕಷ್ಟ ಅದೆ, ಆಡ್ತಾಳೆ" ಅಂದು ಸೀಟಿ ಊದಿ ಆ ಕಡೆ ತಿರುಗಿದರು. ಪೂರ್ವಿ ಮಾರನೇ ದಿನದಿಂದಲೇ ಹೋದಳು.

ಈ ಜೂನ್ ತಿಂಗಳಲ್ಲಿ ಒಂದು ದಿನ ಅವಳ ಬ್ಯಾಗಿನ ಜಿಪ್ಪು ಕಿತ್ತುಹೋಗಿತ್ತು, ಹೊಲಿಸಿ ತರೋಣ ಅಂತ ಖಾಲಿ ಮಾಡುತ್ತಿದ್ದೆ. ಒಂದು ಮಡಚಿದ ಹಾಳೆ ಸಿಕ್ಕಿತು. ಜಿಲ್ಲಾ ತಂಡದ ಆಯ್ಕೆಗೆ ಒಪ್ಪಿಗೆ ಪತ್ರ. ಪೋಷಕರ ಸಹಿ ಅಂತ ಇರುವ ಕಡೆ ಸವಿತಾಳ ಸಹಿ ಇತ್ತು. ಪೂರ್ವಿ ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಅಂಕಪಟ್ಟಿ, ರಜಾ ಚೀಟಿ, ಬಸ್ ಪಾಸು, ಯಾವುದಕ್ಕೇ ಆಗಲಿ ಆ ಜಾಗದಲ್ಲಿ ನಾನೇ ಸಹಿ ಹಾಕುತ್ತಿದ್ದೆ. ಪೆನ್ನು ತಂದುಕೊಡುತ್ತಿದ್ದವಳೂ ಅವಳೇ.

ಅಡುಗೆಮನೆಗೆ ಹೋಗಿ ಸವಿತಾಗೆ ತೋರಿಸಿದೆ.

"ಅವ್ಳೇ ತಂದ್ ಕೊಟ್ಲು ಕಣ್ರೀ" ಅಂದಳು, ಒಲೆಯ ಕಡೆ ನೋಡಿಕೊಂಡೇ. "ಅಪ್ಪಂಗೆ ಹೇಳ್ಬೇಡ ಅಂದ್ಲು."

"ಏನಿದೆ ಅಂತ ಪೂರ್ತಿ ಓದಿ ಹಾಕಿದ್ಯಾ?"

"ಇಲ್ಲ. ಅವ್ಳು ಓದ್ಕಂಡವ್ಳೆ. ಸಾಕಲ್ವಾ?"

ಹಾಳೆಯನ್ನು ಪೂರ್ವಿ ಮಡಚಿದ್ದ ಗೆರೆಯಲ್ಲೇ ಮಡಚಿ, ಎಲ್ಲಿತ್ತೋ ಅಲ್ಲೇ ಇಟ್ಟೆ. ನಾನು ಮುಟ್ಟಿದ್ದು ಅವಳಿಗೆ ತಿಳಿಯದಿರಲಿ ಅಂತ ಬ್ಯಾಗು ಹೊಲಿಸಲು ತೆಗೆದುಕೊಂಡು ಹೋಗಲಿಲ್ಲ.